ಅಣ್ಣನಿಗೊಂದು ಡಿಸ್ಕು, ತಮ್ಮನಿಗೊಂದು ಡಿಸ್ಕು

೧೯೯೮, ದೀಪಾವಳಿ ಕಳೆದ ಮೇಲಿನ ಎರಡನೇ ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಸ್ಥಳ ದಾವಣಗೆರೆ ಚೌಕಿಪೇಟೆಯ ಒಂದು ಮಹಡಿ ಮೇಲಿನ ಧ್ವನಿಮುದ್ರಣ ಸ್ಟುಡಿಯೊ. ಹಾಜರಿದ್ದವರು: ಸ್ಟುಡಿಯೊದ ಮಾಲೀಕರು, ಎಪ್ಪತ್ತರ ಆಸುಪಾಸಿನ ಒಬ್ಬ ರಂಗ ಕಲಾವಿದೆ, ಅವರ ತಂಗಿಯ ಮಗಳು ಮತ್ತು ನಾನು.

ದೂರವಾಣಿ ಕೇಂದ್ರದ ಕಂಪ್ಯೂಟರ್ ಕೋಣೆಯ ಕೆಲಸದಿಂದ ನಾನು ನಿವೃತ್ತಳಾಗಿದ್ದೆ. ಡಿಸ್ಕು, ಟೇಪು ಕೆಟ್ಟರೆ ಊರಿನ ಕೆಲವರು ನನ್ನನ್ನು ಕರೆಯುತ್ತಿದ್ದರು. ಹೋದ ಕಡೆಯಲ್ಲಿ ನಾನು ಮಾಡುವ ಮೊದಲ ಕೆಲಸವೆಂದರೆ ಯಂತ್ರವನ್ನು ಮುಟ್ಟದೆ ಕೂರುವುದು. ಏನಾಯಿತು, ಯಾವಾಗ ಆಯಿತು, ಯಾರು ಏನು ಒತ್ತಿದರು ಎಂದು ಮೊದಲು ಕೇಳಬೇಕು. ನಮ್ಮ ಕೋಣೆಯಲ್ಲಿ ಕೇಳದೆ ಸ್ವಿಚ್ಚಿಗೆ ಕೈ ಹಾಕಿದವರು ಮರುದಿನ ಮೇಲಧಿಕಾರಿಗೆ ವಿವರಣೆ ಬರೆದುಕೊಡಬೇಕಿತ್ತು. ಆ ಭಯ ಹೋಗಿ ಎಷ್ಟೋ ಕಾಲವಾಯಿತು, ಅಭ್ಯಾಸ ಉಳಿದಿದೆ.

ಮಾಲೀಕರು ಹೇಳಿದರು: "ಅಕ್ಕಾರೆ, ಹೋದ ವರ್ಷ ಈ ಅಮ್ಮಾರು, ಇವರ ತಂಗಿ ಇಬ್ಬರೂ ನಮ್ಮಲ್ಲಿ ಕಂಪನಿ ನಾಟಕದ ಹಾಡು ಹಾಡಿದ್ರು. ಕ್ಯಾಸೆಟ್ ಬಿಡೋದಿತ್ತು. ಅಷ್ಟರಾಗ ನಮ್ಮ ಮನೆಯಾಗ ಗಲಾಟೆ ಎದ್ದು ನಿಂತುಹೋತು. ಈಗ ಹಾಡು ಬೇಕು ಅಂತ ಬಂದಾರೆ, ಕಂಪ್ಯೂಟರ್‌ನಾಗ ಆ ಡ್ರೈವೇ ಕಾಣವಲ್ದು."

"ಟೇಪ್ ಇಲ್ವಾ?"

"ಟೇಪ್ ಯಾಕ್ರೀ? ನೇರ ಡಿಸ್ಕಿಗೇ ಹಿಡಿದ್ವಿ. ಅದೇ ನಮ್ಮ ಹೆಚ್ಚುಗಾರಿಕೆ ಆಗಿತ್ತು ನೋಡ್ರಿ. ಆಗ ಈ ಪೇಟೆಯಾಗ ಯಾರ ಹತ್ರ ಇತ್ತು ಹೇಳ್ರಿ ಇಂಥಾದ್ದು?"

ಹೆಚ್ಚುಗಾರಿಕೆಯ ಮಾತು ಅವರಿಗೇ ಮುಜುಗರ ಅನ್ನಿಸಿರಬೇಕು, ಅಲ್ಲಿಗೆ ನಿಲ್ಲಿಸಿದರು.

ಕಲಾವಿದೆ ಕೊರಳಿಗೆ ತೆಳುವಾದ ಬಿಳಿ ಬಟ್ಟೆ ಸುತ್ತಿಕೊಂಡಿದ್ದರು. ಉಸಿರು ಮೂಗಿನಿಂದಲ್ಲದೆ ಆ ಬಟ್ಟೆಯೊಳಗಿನಿಂದ ಬರುತ್ತಿತ್ತು. ತಂಗಿಯ ಮಗಳು ಹರಿಹರದಲ್ಲಿ ಬಟ್ಟೆ ಹೊಲಿಯುವ ಕೆಲಸ ಮಾಡುವವಳು, ಮೂವತ್ತು ದಾಟಿದ ಹೆಂಗಸು. ಅವಳು ಹೇಳಿದಳು:

"ನಮ್ಮವ್ವ ಬ್ಯಾಸಿಗೆಯಾಗ ತೀರ್ಕೊಂಡ್ಳು ರೀ. ಅದಾದ ಮ್ಯಾಲೆ ದೊಡ್ಡವ್ವಗೆ ಗಂಟ್ಲು ಆಪರೇಶನ್ ಆತು. ಗಡ್ಡೆ ತೆಗ್ಯೋವಾಗ ಮಾತೂ ಹೋತು. ಇನ್ನ ಬರಂಗಿಲ್ಲ ಅಂದಾರೆ. ಇಬ್ಬರ ದನಿ ಎಲ್ಲಾರ ಉಳಿದಿದ್ರೆ ಇಲ್ಲೇ ರೀ. ಬ್ಯಾರೆ ಎಲ್ಲೂ ಇಲ್ಲ."

ಕಲಾವಿದೆ ನನ್ನ ಮುಖವನ್ನೇ ನೋಡುತ್ತಿದ್ದರು. ರಂಗದ ಮೇಲೆ ನಿಂತು ಕೊನೆಯ ಸಾಲಿನವರನ್ನು ನೋಡಿ ಅಭ್ಯಾಸವಾದ ಕಣ್ಣು ಅದು. ನಾನು ಮೇಜಿನ ಕಡೆ ತಿರುಗಿದೆ.

ಮೇಜಿನ ಮೇಲೆ ಕಂಪ್ಯೂಟರ್, ಅದರ ಪಕ್ಕದಲ್ಲಿ ಬೂದು ಬಣ್ಣದ ಒಂದು ಲೋಹದ ಪೆಟ್ಟಿಗೆ. ಅದರೊಳಗೆ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕು. ಪೆಟ್ಟಿಗೆಯ ಬಲಕ್ಕೆ, ಅಷ್ಟೇ ಅಳತೆಯ ಜಾಗದಲ್ಲಿ ಮೇಜಿನ ಬಣ್ಣ ಬೇರೆಯಾಗಿತ್ತು. ಸುತ್ತ ಧೂಳು ಕೂತು ಹಳದಿಯಾಗಿದ್ದರೂ ಅಷ್ಟು ಭಾಗ ಮಾತ್ರ ಹೊಸದರ ಹಾಗೆ ಇತ್ತು.

"ಇಲ್ಲಿ ಇನ್ನೊಂದು ಪೆಟ್ಟಿಗೆ ಇತ್ತಲ್ಲ. ಎಲ್ಲಿ?"

"ಅದು ತಮ್ಮನ ಪಾಲಿಗೆ ಹೋತು."

ಆಮೇಲೆ ಒಂದೊಂದಾಗಿ ಹೊರಬಂತು. ಶ್ರಾವಣ ಮುಗಿದ ಮೇಲೆ ಅಣ್ಣತಮ್ಮಂದಿರು ಬೇರೆಯಾಗಿದ್ದರು. ಹಿರಿಯರು ಇದೇ ಕೋಣೆಯಲ್ಲಿ ಜಮಖಾನೆ ಹಾಸಿ ಕೂತು ಸ್ಟುಡಿಯೊ ಹಂಚಿದ್ದರು. ಮಿಕ್ಸರ್ ಅಣ್ಣನಿಗೆ, ದೊಡ್ಡ ಸ್ಪೀಕರುಗಳು ತಮ್ಮನಿಗೆ. ಕಂಪ್ಯೂಟರ್ ಅಣ್ಣನಿಗೆ, ಅದರ ಬದಲಿಗೆ ಮೈಕುಗಳು ತಮ್ಮನಿಗೆ. ಹಾರ್ಮೋನಿಯಮ್ಮಿಗೆ ಅರ್ಧ ದಿನ ವಾದ ನಡೆದಿತ್ತು. ಕೊನೆಗೆ ಉಳಿದದ್ದು ಒಂದೇ ಬಣ್ಣದ, ಒಂದೇ ಅಳತೆಯ, ಒಂದೇ ದಿನ ಕೊಂಡ ಈ ಎರಡು ಪೆಟ್ಟಿಗೆ.

"ತಲಾ ಒಂದೊಂದು ತಗೊಳ್ರಪ ಅಂದ್ರು. ತಗೊಂಡ್ವಿ. ಇಡೀ ಪಾಲಿನಾಗ ತಕರಾರಿಲ್ದೆ ಹಂಚಿದ್ದು ಅಂದ್ರೆ ಅದೊಂದೇ ಅಕ್ಕಾರೆ."

ನಾನು ಕಂಪ್ಯೂಟರ್ ಚಾಲೂ ಮಾಡಿ ಡಿಸ್ಕುಗಳ ಪಟ್ಟಿ ತೆರೆದೆ. ಡಿಸ್ಕು ಕಾಣುತ್ತಿತ್ತು, ಅದರ ಮೇಲಿನ ವಿಭಾಗವೂ ಕಾಣುತ್ತಿತ್ತು, ಆದರೆ ಅದಕ್ಕೆ ಹೆಸರಿರಲಿಲ್ಲ, ‘ಅಪರಿಚಿತ’ ಎಂದು ಬರೆದಿತ್ತು. ಡಿಸ್ಕಿನ ಸಣ್ಣ ತುಣುಕುಗಳಾದ ಸೆಕ್ಟರುಗಳನ್ನು ಇದ್ದ ಹಾಗೇ ತೋರಿಸುವ ಎಡಿಟರಿನಲ್ಲಿ ಪಾರ್ಟಿಷನ್ ಟೇಬಲ್ ತೆಗೆದು ನೋಡಿದೆ. ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿರುವ ಸಣ್ಣ ಕೋಷ್ಟಕ ಅದು. ಯಾವ ವಿಭಾಗ ಎಲ್ಲಿ ಶುರು, ಎಲ್ಲಿ ಕೊನೆ, ಯಾವ ಬಗೆಯದು ಎಂಬುದಿಷ್ಟೇ ಅಲ್ಲಿರುತ್ತದೆ. ಬಗೆಯ ಕಡೆ ೦೭ ಇರಬೇಕಾದಲ್ಲಿ ೮೭ ಇತ್ತು. ಅದರ ಅರ್ಥ ಈ ವಿಭಾಗ ಒಂಟಿಯಲ್ಲ, ಇದರ ಮುಂದುವರಿಕೆ ಬೇರೆ ಡಿಸ್ಕಿನ ಮೇಲಿದೆ.

ಮಾಲೀಕರಿಗೆ ಹೀಗೆ ಹೇಳಿದೆ: "ನೀವು ಎರಡು ಪೆಟ್ಟಿಗೆ ಅಂದ್ಕೊಂಡಿದ್ದು ಒಂದೇ ಮನೆ. ಎರಡು ಕೋಣೆ, ಬಾಗಿಲು ಒಂದೇ. ಬಾಗಿಲು ಇರೋದು ನಿಮ್ಮ ಕೋಣೆಗೆ. ಹಿಂದಿನ ಕೋಣೆಯಾಗ ಎಲ್ಲೆಲ್ಲಿ ಏನೈತಿ ಅನ್ನೋ ಪಟ್ಟಿನೂ ನಿಮ್ಮ ಕೋಣೆಯಾಗೇ ಐತೆ. ಆದ್ರೆ ಹಿಂದಿನ ಕೋಣೆ ಇಲ್ದೆ ಬಾಗಿಲು ತೆರೆಯಂಗಿಲ್ಲ."

"ಹಂಗಾರೆ ಅವನ ಪೆಟ್ಟಿಗೆ?"

"ಅದಕ್ಕೆ ಬಾಗಿಲೇ ಇಲ್ಲ."

ಎರಡನ್ನೂ ಸೇರಿಸಿದ ವಿವರ ಕಂಪ್ಯೂಟರಿನ ಒಳಗಿರುತ್ತದೆ. ಅದನ್ನು ಒಂದು ಫ್ಲಾಪಿಗೆ ಉಳಿಸಿಟ್ಟುಕೊಳ್ಳಬಹುದು. ಫ್ಲಾಪಿ ಕೇಳಿದೆ, ಇರಲಿಲ್ಲ. ಡ್ರೈವ್ ಕಾಣದಾದಾಗ ಯಾರನ್ನೋ ಕರೆಸಿ ವಿಂಡೋಸನ್ನೇ ಹೊಸದಾಗಿ ಹಾಕಿಸಿದ್ದರು. ಹಳೆಯ ವಿವರವೂ ಅದರೊಂದಿಗೆ ಹೋಗಿತ್ತು. ಅದೇನೂ ದೊಡ್ಡ ನಷ್ಟವಲ್ಲ, ಎರಡು ಡಿಸ್ಕೂ ನೆಟ್ಟಗಿದ್ದರೆ ಕೈಯಿಂದಲೇ ಮತ್ತೆ ಹೇಳಿಕೊಡಬಹುದು. ಎರಡನೆಯದು ನೆಟ್ಟಗಿದೆಯೇ ಎಂಬುದೊಂದೇ ಪ್ರಶ್ನೆ.

"ನೀವು ಹೋಗಿ ತಗೊಂಡು ಬರ್ರಿ," ಎಂದೆ.

ಮಾಲೀಕರು ಮುಖ ಕಿಟಕಿಯ ಕಡೆ ಮಾಡಿದರು. "ನಾನು ಅವನ ಅಂಗಡಿ ಹೊಸ್ಲು ತುಳಿಯಂಗಿಲ್ಲ ಅಕ್ಕಾರೆ."

ಮಧ್ಯಾಹ್ನದ ಬಸ್ಸಿಗೆ ನಾವು ಮೂವರು ಹೆಂಗಸರೇ ಹರಿಹರಕ್ಕೆ ಹೊರಟೆವು. ಕಲಾವಿದೆ ಕಿಟಕಿ ಬದಿಗೆ ಕೂತು, ಧೂಳು ಒಳಗೆ ಹೋಗದಂತೆ ಕೊರಳಿನ ಬಟ್ಟೆಯ ಮೇಲೆ ಸೆರಗನ್ನೂ ಹಿಡಿದುಕೊಂಡರು. ಹಿಂದಿನ ಸೀಟಿನಲ್ಲಿದ್ದ ಒಬ್ಬ ಮುದುಕ ಗುರುತು ಹಿಡಿದು, ಯಾವುದೋ ಕಾಲದ ನಾಟಕದ ಹೆಸರು ಹೇಳಿ, "ಒಂದ್ ಮಾತು ಆಡ್ರಿ ಅಮ್ಮಾರೆ, ಕಿವಿ ತಣ್ಣಗಾಗ್ಲಿ," ಎಂದ. ಅವರು ಕೈ ಮುಗಿದರು. ಅವನು, "ದೊಡ್ಡೋರಾದ್ರಪ, ಮಾತು ತುಟ್ಟಿ ಆಗೈತೆ," ಎಂದು ಪಕ್ಕದವನಿಗೆ ಹೇಳಿ ನಕ್ಕ. ತಂಗಿಯ ಮಗಳು ತಿರುಗಿ ಏನೋ ಹೇಳಹೊರಟಾಗ ಕಲಾವಿದೆ ಅವಳ ಮೊಣಕಾಲನ್ನು ಒತ್ತಿ ತಡೆದರು.

ತಮ್ಮನ ಅಂಗಡಿ ಬಸ್ ನಿಲ್ದಾಣದ ಹಿಂಬದಿಯ ಬೀದಿಯಲ್ಲಿ. ಮದುವೆ ಮನೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದ. ನಾನು ಬಂದ ಕಾರಣ ಹೇಳುವಷ್ಟರಲ್ಲಿ ಅವನ ಹುಬ್ಬು ಗಂಟಾಯಿತು.

"ಪಾಲು ಮಾಡಿದ ದಿನ ಕೈ ಬೀಸಿಕೊಂಡು ಹೋಗು ಅಂದೋರು ಅವರೇ. ಈಗ ಪೆಟ್ಟಿಗೆ ಬೇಕಾತೇನ್ರಿ? ಬೇಕಿದ್ರೆ ಅವರೇ ಬರ್ಲಿ, ಬಾಯಿ ಬಿಟ್ಟು ಕೇಳ್ಲಿ."

"ಅವರಿಗಲ್ಲಪ್ಪ ಬೇಕಾಗಿರೋದು. ಇವರಿಗೆ."

ಬಾಗಿಲ ಹೊರಗೆ ನಿಂತಿದ್ದ ಕಲಾವಿದೆಯನ್ನು ಅವನು ಆಗ ನೋಡಿದ. ಆಪರೇಶನ್ ವಿಷಯ ಅವನಿಗೆ ಗೊತ್ತಿರಲಿಲ್ಲ. "ಅಮ್ಮಾರೆ, ಒಳಗ ಬರ್ರಿ, ಕೂಡ್ರಿ," ಎಂದು ಸ್ಟೂಲ್ ಎಳೆದ. "ಯಾಕ ಸುಮ್ನೆ ನಿಂತೀರಿ? ಸಿಟ್ಟೇನು ನನ್ನ ಮ್ಯಾಲೆ?" ಎಂದು ಸಲಿಗೆಯಿಂದ ಕೇಳಿದ. ಅವರು ಕೊರಳಿನ ಬಟ್ಟೆಯನ್ನು ಎರಡು ಬೆರಳಿನಿಂದ ಸ್ವಲ್ಪ ಸರಿಸಿ ತೋರಿಸಿದರು. ಅವನು ನೋಡಿದ, ಕಣ್ಣು ಬೇರೆ ಕಡೆ ಮಾಡಿದ.

ಆಮೇಲೆ ಸಣ್ಣ ದನಿಯಲ್ಲಿ ನನಗೆ ಹೇಳಿದ: "ಮೇಡಮ್ಮಾರೆ, ನಾನು ಆ ಪೆಟ್ಟಿಗೇನ ಇಲ್ಲೊಂದು ಕಂಪ್ಯೂಟರ್‌ಗೆ ಹಾಕಿದ್ದೆ. ಖಾಲಿ ಐತೆ ಅಂತ ತೋರಿಸ್ತು. ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತು. ಮಾಡು ಅಂದೆ."

"ಆಮೇಲೆ ಅದರಾಗೆ ಏನಾರ ತುಂಬಿದ್ರೇನು?"

"ಇಲ್ರಿ. ಏನು ತುಂಬಲಿ, ಕೆಲ್ಸಾನೇ ಇರ್ಲಿಲ್ಲ."

ಅವನ ಅಂಗಡಿಗೆ ಕೆಲಸ ಸಿಗದಿದ್ದುದೇ ಒಂದು ಆಸರೆಯಾಯಿತು. ಹಾಗೆ ಫಾರ್ಮ್ಯಾಟ್ ಮಾಡಿದರೆ ಹಳೆಯ ಪಾರ್ಟಿಷನ್ ಟೇಬಲ್ ಅಳಿಸಿ ಹೊಸದು ಕೂರುತ್ತದೆ, ವಿಭಾಗದ ಆರಂಭದಲ್ಲಿ ಒಂದಿಷ್ಟು ಜಾಗ ಹಾಳಾಗುತ್ತದೆ. ಉಳಿದ ಭಾಗಕ್ಕೆ ಕೈ ತಾಗಿರುವುದಿಲ್ಲ. ಹೆಸರಿನ ಹಲಗೆ ಕಿತ್ತರೂ ಮನೆಯೊಳಗಿನ ಸಾಮಾನು ಅಲ್ಲೇ ಇರುವ ಹಾಗೆ.

ಪೆಟ್ಟಿಗೆ ಕೊಡಲು ಒಪ್ಪಿದ, ಒಂದು ಷರತ್ತಿನ ಮೇಲೆ: "ನಾನೂ ಜೊತಿಗೆ ಬರ್ತೀನಿ. ಅದು ನನ್ನ ಪಾಲಿಂದು. ಕೆಲಸ ಆದ ಮ್ಯಾಲೆ ನನ್ನ ಕೈಯಾಗೇ ವಾಪಸ್ ಬರ್ಬೇಕು."

ಬುಧವಾರ ಬೆಳಿಗ್ಗೆ ಚೌಕಿಪೇಟೆಗೆ ತರಲು ಹೇಳಿ ಬಂದೆ. ಮಂಗಳವಾರ ಪೂರ್ತಿ ಬೆಂಗಳೂರಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರಬೇಕಿದ್ದ ಹೊಸ ಡಿಸ್ಕಿಗೆ ಕಾಯುವುದರಲ್ಲಿ ಹೋಯಿತು. ನನ್ನ ನಿಯಮವೊಂದಿದೆ. ಕೆಟ್ಟ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ಮೊದಲು ಸೆಕ್ಟರಿಗೆ ಸೆಕ್ಟರ್ ಅದರ ಪೂರ್ತಿ ನಕಲು ತೆಗೆಯಬೇಕು. ದುರಸ್ತಿ ಏನಿದ್ದರೂ ನಕಲಿನ ಮೇಲೆ ಮಾಡಬೇಕು. ಖಾಲಿ ಡಿಸ್ಕಿಲ್ಲದೆ ನಾನು ಕೆಲಸ ಶುರು ಮಾಡುವುದಿಲ್ಲ.

ಬುಧವಾರ ಒಂಬತ್ತಕ್ಕೆ ಎಲ್ಲರೂ ಬಂದಿದ್ದರು. ಅಣ್ಣ ಬಾಗಿಲ ಕಡೆ, ತಮ್ಮ ಕಿಟಕಿ ಕಡೆ, ನಡುವೆ ನಾನು. ತಮ್ಮ ನನಗೆ ಹೇಳಿದ, "ಮೇಡಮ್ಮಾರೆ, ಆ ಫ್ಯಾನ್ ಹಾಕಾಕ ಹೇಳ್ರಿ ಅವರಿಗೆ." ಅಣ್ಣ ನನಗೆ ಹೇಳಿದರು, "ಸ್ವಿಚ್ ಎಲ್ಲೈತೆ ಅಂತ ಅವನಿಗೆ ಗೊತ್ತೈತಲ್ಲ ಅಕ್ಕಾರೆ, ಹತ್ತು ವರ್ಷ ಒತ್ತಿದ್ದಾನೆ." ನಾನೇ ಎದ್ದು ಹಾಕಿದೆ.

ಮೊದಲನೇ ಡಿಸ್ಕಿನ ನಕಲು ಒಂದು ತಪ್ಪೂ ಇಲ್ಲದೆ ಮುಗಿಯಿತು. ಎರಡನೆಯದಕ್ಕೆ ಕೇಬಲ್ ಜೋಡಿಸಿ ವಿದ್ಯುತ್ ಕೊಟ್ಟೆ. ತಿರುಗುವ ಸದ್ದು ಏರಿತು. ಅದರ ನಡುವೆ ಉಗುರಿನಿಂದ ತಗಡು ತಟ್ಟಿದಂತೆ ಟಿಕ್, ಟಿಕ್ ಎಂದಿತು. ಸ್ಕ್ರೂಡ್ರೈವರಿನ ತುದಿಯನ್ನು ಪೆಟ್ಟಿಗೆಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಆಲಿಸಿದೆ. ಒಳಗಿನ ತೋಳು ಜಾಗ ಹುಡುಕಿ ಸಿಗದೆ ಹಿಂದಕ್ಕೆ ಹೋಗಿ ಮತ್ತೆ ಬರುತ್ತಿತ್ತು.

"ಇದು ಎಲ್ಲಿ ಬಿತ್ತು?" ಎಂದು ಕೇಳಿದೆ.

ತಮ್ಮ ನೆಲ ನೋಡಿದ. "ಪಾಲಿನ ದಿನ ಮೊಪೆಡ್ ಮ್ಯಾಲೆ ಕಾಲ ನಡುವೆ ಇಟ್ಕೊಂಡು ಹೋಗ್ತಿದ್ದೆ. ಗುಂಡಿಯಾಗ ಎತ್ತಿ ಹಾಕಿ ಒಂದ್ಸಲ ಜಾರ್ತು."

"ಸ್ಪೀಕರ್‌ಗೆ ಮಾತ್ರ ಆಟೋ ಮಾಡಿದ್ದ," ಎಂದರು ಅಣ್ಣ, ನನಗೆ.

"ಆಟೋದಾಗ ಜಾಗ ಉಳಿದಿರ್ಲಿಲ್ಲ. ಹಾರ್ಮೋನಿಯಂ ಇತ್ತಲ್ಲ, ಅಪ್ಪಂದು," ಎಂದ ತಮ್ಮ, ಅವನೂ ನನಗೇ.

ನಕಲು ಶುರುವಾಯಿತು. ಆರಂಭದ ಭಾಗ ಹೇಗೋ ಬಂತು. ಸ್ವಲ್ಪ ಮುಂದೆ ಹೋಗುತ್ತಲೇ ಓದುವುದು ನಿಂತಿತು. ಡಿಸ್ಕೇ ಕಂಪ್ಯೂಟರಿಗೆ ಕಾಣದಾಯಿತು. ಆರಿಸಿದೆ, ತಣ್ಣಗಾಗಲು ಬಿಟ್ಟೆ, ಮತ್ತೆ ಹಾಕಿದೆ. ಮತ್ತೆ ಅಷ್ಟು ದೂರ ಹೋಗಿ ನಿಂತಿತು. ಮೂರನೇ ಸಲ ಇನ್ನೂ ಬೇಗ ನಿಂತಿತು. ಪೆಟ್ಟಿಗೆಯ ಕೆಳಗೆ ಮರದ ತುಂಡುಗಳನ್ನಿಟ್ಟು ಗಾಳಿ ಆಡುವಂತೆ ಮಾಡಿದೆ, ಟೇಬಲ್ ಫ್ಯಾನ್ ತರಿಸಿ ಅದರ ಮೇಲೇ ತಿರುಗಿಸಿದೆ. ಒಂದಿಷ್ಟು ಮುಂದೆ ಸಾಗಿ ಮತ್ತೆ ನಿಂತಿತು.

ನಾನು ಕುರ್ಚಿ ಹಿಂದಕ್ಕೆ ಸರಿಸಿ ಕೂತೆ. ಈ ಡಿಸ್ಕಿಗೆ ಉಳಿದಿರುವ ಆಯಸ್ಸು ಇಷ್ಟೇ ಎಂಬುದು ಅದರ ಸದ್ದಿನಲ್ಲಿತ್ತು. ಅಕ್ಕತಂಗಿಯರ ಹಾಡುಗಳು ಈ ಸ್ಟುಡಿಯೊ ಕೊನೆಗೆ ಮಾಡಿದ ಮುದ್ರಣ. ಅವು ಎರಡನೇ ಡಿಸ್ಕಿನ ಹಿಂಭಾಗದಲ್ಲಿರಬೇಕು. ನಿಯಮದಂತೆ ಮೊದಲಿನಿಂದ ಸಾಲಾಗಿ ಓದುತ್ತ ಹೋದರೆ ಹಾಡು ಬರುವ ಮೊದಲೇ ಡಿಸ್ಕು ನಿಲ್ಲುತ್ತದೆ. ನೇರವಾಗಿ ಹಾಡಿಗೇ ಹೋಗಬೇಕೆಂದರೆ ಎರಡೂ ಡಿಸ್ಕನ್ನು ಮತ್ತೆ ಒಂದು ಮಾಡಬೇಕು. ಅದಕ್ಕೆ ಈ ಸಾಯುತ್ತಿರುವ ಡಿಸ್ಕಿನ ಪಾರ್ಟಿಷನ್ ಟೇಬಲ್ಲನ್ನು ನಾನು ತಿದ್ದಿ ಬರೆಯಬೇಕು. ಬರೆಯುವಾಗ ತೋಳು ತಪ್ಪಿದರೆ ಇರುವುದೂ ಹೋಗುತ್ತದೆ.

ಇಷ್ಟನ್ನೂ ಕಲಾವಿದೆಗೆ ಹೇಳಿದೆ. ಹೇಳುವಾಗ ಉಳಿದವರ ಕಡೆ ನೋಡಲಿಲ್ಲ. ನಿರ್ಧಾರ ಅವರದು.

"ಬರೆಯೋದು ಬ್ಯಾಡ ಅಂದ್ರೆ?" ಎಂದು ತಂಗಿಯ ಮಗಳು ಕೇಳಿದಳು.

"ಬೆಂಗಳೂರಿಗೆ ಕಳಿಸಬಹುದು. ಬಿಚ್ಚಿ ನೋಡೋರು ಅಲ್ಲೂ ಇಲ್ಲ, ಅವರು ಇನ್ನೂ ದೂರ ಕಳಿಸ್ತಾರೆ. ಏನಾದ್ರೂ ಬರುತ್ತೆ ಅಂತ ನಾನು ಹೇಳಲಾರೆ."

ಕಲಾವಿದೆ ಬಲಗೈ ಎತ್ತಿ, ತಡ ಯಾಕೆ ಎನ್ನುವಂತೆ ಕಂಪ್ಯೂಟರಿನ ಕಡೆ ಬೀಸಿದರು. ಪರದೆ ಏಳುವ ಮುಂಚೆ ವಾದ್ಯದವರಿಗೆ ಕೊಡುವ ಸೂಚನೆ ಹಾಗಿರುತ್ತದೆಂದು ಆಮೇಲೆ ತಿಳಿಯಿತು.

ಎರಡೂ ಒಂದೇ ಮಾದರಿಯ ಡಿಸ್ಕುಗಳು, ಎರಡರಲ್ಲೂ ಪೂರ್ತಿ ಜಾಗ ಒಂದೇ ವಿಭಾಗ. ಹಾಗಾಗಿ ಎರಡನೆಯದರ ಟೇಬಲ್ಲಿನಲ್ಲಿ ಏನಿದ್ದಿರಬೇಕು ಎಂಬುದು ಮೊದಲನೆಯದರಲ್ಲೇ ಇತ್ತು. ಹಾಳಾದ ಸೆಕ್ಟರನ್ನು ಇದ್ದ ಹಾಗೇ ಒಂದು ಫ್ಲಾಪಿಗೆ ಉಳಿಸಿಕೊಂಡೆ. ಮೊದಲ ಡಿಸ್ಕಿನ ಟೇಬಲ್ಲಿನಿಂದ ಆ ಒಂದು ಸಾಲನ್ನು ತೆಗೆದು ಎರಡನೆಯದರ ಸಾಲಿನ ಮೇಲೆ ಇಟ್ಟೆ. ಆರಂಭ ಸರಿ, ಉದ್ದ ಸರಿ, ಬಗೆ ೮೭. ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಿದೆ. ತಂಗಿಯ ಮಗಳು ನಾನು ಚೀಟಿಯಲ್ಲಿ ಬರೆದುಕೊಟ್ಟಿದ್ದ ಮೊದಲ ಡಿಸ್ಕಿನ ಅಂಕಿಗಳನ್ನು ನೋಡಿ "ಹೌದು, ಹೌದು" ಎನ್ನುತ್ತ ಹೋದಳು. ಕೊನೆಯ ಹೌದು ಆದ ಮೇಲೆ ಬರೆಯುವ ಕೀಲಿ ಒತ್ತಿದೆ. ಟಿಕ್ ಎಂದಿತು. ಮತ್ತೆ ಓದಿಸಿ ನೋಡಿದೆ. ಕೂತಿತ್ತು.

ಕಂಪ್ಯೂಟರಿಗೆ ಎರಡೂ ಡಿಸ್ಕು ಒಂದೇ ಎಂದು ಹೇಳಿಕೊಟ್ಟು, ಆರಿಸಿ ಹಾಕಿದೆ. ಅದು ತಾನಾಗಿ ಡಿಸ್ಕು ಪರೀಕ್ಷೆಗೆ ಹೊರಟಿತು. ಆ ಪರೀಕ್ಷೆ ಇಂಥ ಡಿಸ್ಕನ್ನು ಅಲ್ಲೇ ಮುಗಿಸುತ್ತಿತ್ತು. ಕೀಲಿ ಒತ್ತಿ ತಪ್ಪಿಸಿದೆ. ಪಟ್ಟಿ ತೆರೆದುಕೊಂಡಿತು.

ಮೊದಲ ಡಿಸ್ಕಿನಲ್ಲಿದ್ದದ್ದೆಲ್ಲ ಕ್ಷೇಮ. ಮಾಯಕೊಂಡದ ಕಡೆಯ ಒಂದು ಭಜನಾ ಮಂಡಳಿ, ಸೀರೆ ಅಂಗಡಿಯ ಜಾಹೀರಾತು, ತೊಂಬತ್ತಾರರ ಚುನಾವಣೆಗೆ ಆಟೋದಲ್ಲಿ ಕೂಗಿಸಲು ಮಾಡಿಕೊಟ್ಟ ಘೋಷಣೆಗಳು. ಘೋಷಣೆಗಳಂತೂ ಮೂರು ಪಕ್ಷದ್ದೂ ಇದ್ದವು, ಒಂದಕ್ಷರ ಕೆಟ್ಟಿರಲಿಲ್ಲ. ಅವುಗಳ ಕೆಳಗೆ ಕೊನೆಯಲ್ಲಿ, ಎರಡನೇ ಡಿಸ್ಕಿನ ಮೇಲೆ, ಅಕ್ಕ-೧, ಅಕ್ಕ-೨ ಎಂದು ಐದು ಹಾಡು. ಆಮೇಲೆ ತಂಗಿ-೧. ಅಷ್ಟೇ.

"ಇಬ್ಬರೂ ಕೂಡಿ ಹಾಡಿದ್ದು?" ಎಂದೆ.

"ಜೋಡಿ ಹಾಡು ಕೊನೆಗೆ ಇಟ್ಕೊಂಡಿದ್ವಿ ಅಕ್ಕಾರೆ. ಅದು ಆಗ್ಲೇ ಇಲ್ಲ," ಎಂದರು ಅಣ್ಣ. ಅಣ್ಣತಮ್ಮ ಇಬ್ಬರೂ ತಮ್ಮ ತಮ್ಮ ಕಾಲಬೆರಳು ನೋಡುತ್ತಿದ್ದರು.

ನಾನು ಹೇಳಿದೆ: "ಎಲ್ಲವೂ ಬರೋ ಲಕ್ಷಣ ಇಲ್ಲ. ಒಂದು ಬಂದೀತು. ಅದೃಷ್ಟ ಇದ್ರೆ ಎರಡು. ಮೊದಲು ಯಾವುದು ತೆಗೀಲಿ ಹೇಳ್ರಿ."

"ಅಕ್ಕ-೧," ಎಂದಳು ತಂಗಿಯ ಮಗಳು ತಕ್ಷಣ.

ಕಲಾವಿದೆ ತಲೆ ಅಲ್ಲಾಡಿಸಿ, ಪರದೆಯ ಹತ್ತಿರ ಬಂದು, ಕೊನೆಯ ಹೆಸರಿನ ಮೇಲೆ ಬೆರಳಿಟ್ಟರು. ತಂಗಿ-೧.

"ಬ್ಯಾಡ ದೊಡ್ಡವ್ವ. ನಮ್ಮವ್ವನ ದನಿ ನನ್ನ ಕಿವಿಯಾಗ ಐತೆ. ನಿಂದು ತಗಿಸೋಣ. ದಿನಾ ಬೆಳಗಾದ್ರೆ ನೀನು ಸಾಧನೆ ಮಾಡ್ತಿದ್ದೆ, ಈಗ ಆ ಹೊತ್ತಿಗೆ ಎದ್ದು ಗ್ವಾಡಿ ನೋಡ್ಕೋತ ಕೂಡ್ತೀಯ, ನಾನು ನೋಡಂಗಿಲ್ಲೇನು? ನಿಂಗೇ ಬೇಕು ಅದು."

ಕಲಾವಿದೆ ಅವಳ ಗದ್ದ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು ತುಟಿ ಆಡಿಸಿದರು. ಸದ್ದಿಲ್ಲದ ಮಾತು. ಒಂದೊಂದು ಅಕ್ಷರಕ್ಕೂ ಬಾಯಿ ಪೂರ್ತಿ ತೆರೆದು ಮುಚ್ಚುತ್ತಿತ್ತು.

"ಏನಂದ್ರು?" ಎಂದು ಅಣ್ಣ ಕೇಳಿದರು.

ಅವಳು ಮೂಗು ಒರೆಸಿಕೊಂಡಳು. "'ನಾನು ಸಾಯೋತನ ನಿನ್ನ ಎದ್ರಿಗೇ ಇರ್ತೀನಿ. ಅವಳು ಎಲ್ಲಿ ಅದಾಳೆ?' ಅಂತಾರೆ."

ಮತ್ತೆ ವಾದ ಬೆಳೆಯಲಿಲ್ಲ. ಡಿಸ್ಕು ಚಾಲೂ ಇರುವ ಒಂದೊಂದು ಕ್ಷಣವೂ ಖರ್ಚು. ತಂಗಿ-೧ನ್ನು ಹೊಸ ಡಿಸ್ಕಿಗೆ ನಕಲಿಸಲು ಹಾಕಿದೆ.

ಪರದೆಯ ಮೇಲಿನ ನೀಲಿ ಪಟ್ಟಿ ಸ್ವಲ್ಪ ಬೆಳೆದು ನಿಲ್ಲುತ್ತಿತ್ತು. ಟಿಕ್ ಟಿಕ್ ಆದ ಮೇಲೆ ಮತ್ತೆ ಒಂದು ಗೆರೆ ಬೆಳೆಯುತ್ತಿತ್ತು. ಅರ್ಧ ದಾಟುವ ಹೊತ್ತಿಗೆ ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು. ಕಂಪ್ಯೂಟರು, ಡಿಸ್ಕುಗಳು ಅದರ ಮೇಲಿದ್ದವು, ಟೇಬಲ್ ಫ್ಯಾನ್ ಇರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆ ತಮ್ಮ ರಟ್ಟಿನ ತುಂಡೊಂದನ್ನು ಎತ್ತಿಕೊಂಡು ಪೆಟ್ಟಿಗೆಗೆ ಗಾಳಿ ಹಾಕತೊಡಗಿದ. ಅವನ ಕೈ ಸೋತಾಗ ಅಣ್ಣ ಬಂದು ರಟ್ಟು ಇಸಿದುಕೊಂಡರು. ಕರೆಂಟ್ ಬರುವವರೆಗೆ ರಟ್ಟು ಹೀಗೆ ಆ ಕೈಯಿಂದ ಈ ಕೈಗೆ ಹೋಗುತ್ತಿತ್ತು.

ಪಟ್ಟಿ ಕೊನೆ ಮುಟ್ಟಿತು. ಹೊಸ ಡಿಸ್ಕಿನಲ್ಲಿ ಕಡತದ ಅಳತೆ ನೋಡಿದೆ, ಪೂರ್ತಿ ಇತ್ತು. ಕೂಡಲೇ ಅಕ್ಕ-೧ ಹಾಕಿದೆ. ಕೇಳಿ ಸಂತೋಷಪಡಲು ಅದು ಸಮಯವಲ್ಲ.

ಅಕ್ಕ-೧ ಎರಡು ಗೆರೆ ಬೆಳೆದು ನಿಂತಿತು. ಆರಿಸಿ, ತಣಿಸಿ, ಮತ್ತೆ ಹಾಕಿದೆ. ಅಕ್ಕ-೨ ಪ್ರಯತ್ನಿಸಿದೆ, ಅಕ್ಕ-೩ ಪ್ರಯತ್ನಿಸಿದೆ. ಅಕ್ಕ-೪ ಶುರುವಾಗುತ್ತಲೇ ಡಿಸ್ಕಿನ ಒಳಗಿನಿಂದ ಉದ್ದನೆಯ ಕೀರಲು ಸದ್ದೊಂದು ಬಂತು. ತಿರುಗುವುದು ಇಳಿದು ಇಳಿದು ನಿಂತುಹೋಯಿತು. ಮಧ್ಯಾಹ್ನದ ಊಟ ಬಿಟ್ಟು, ವೇಳೆ ಕೊಟ್ಟು ಕೊಟ್ಟು ಮತ್ತೆ ಮತ್ತೆ ವಿದ್ಯುತ್ ಕೊಟ್ಟೆ. ಪೆಟ್ಟಿಗೆ ತಿರುಗಲಿಲ್ಲ. ಸಂಜೆ ನಾಲ್ಕರ ಸುಮಾರಿಗೆ ಕೇಬಲ್ ಕಳಚಿ ಕಲಾವಿದೆಗೆ ಹೇಳಿದೆ, "ಅಮ್ಮ, ಇದು ಮುಗೀತು."

ಅವರು ಆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಇನ್ನೂ ಬೆಚ್ಚಗಿದ್ದಿರಬೇಕು, ಸ್ವಲ್ಪ ಹೊತ್ತು ತೆಗೆಯಲಿಲ್ಲ.

ತಂಗಿ-೧ನ್ನು ಸ್ಪೀಕರಿಗೆ ಹಾಕಿದೆವು. ಅದು ಹಾಸ್ಯದ ಹಾಡು ಎಂದು ನನಗೆ ಗೊತ್ತಿರಲಿಲ್ಲ. ಅಕ್ಕ ನಾಯಕಿ, ತಂಗಿ ಹಾಸ್ಯಪಾತ್ರ, ಕಂಪನಿಯಲ್ಲಿ ಜೀವನಪೂರ್ತಿ ಹಾಗೇ ನಡೆದಿತ್ತಂತೆ. ಗಂಡನ ಗೊರಕೆಯ ಮೇಲೆ ಬೀದಿಯವರಿಗೆಲ್ಲ ದೂರು ಹೇಳುವ ಹೆಂಡತಿಯ ಹಾಡು. ನಡುನಡುವೆ ಗೊರಕೆಯನ್ನೂ ಅವರೇ ತೆಗೆಯುತ್ತಿದ್ದರು, ಅದೂ ತಾಳಕ್ಕೆ ಸರಿಯಾಗಿ. ಎರಡನೇ ಗೊರಕೆಗೆ ತಮ್ಮ ಫಕ್ಕನೆ ನಕ್ಕುಬಿಟ್ಟ. ಅಣ್ಣನಿಗೂ ತಡೆಯಲಾಗಲಿಲ್ಲ. "ರೆಕಾರ್ಡಿಂಗ್ ದಿನಾನೂ ಹಿಂಗೇ ಆಗಿತ್ತಲ್ಲೋ, ನೀನು ನಕ್ಕು ಎರಡು ಟೇಕ್ ಕೆಡಿಸಿದ್ದೆ," ಎಂದರು. ಅಂದು ಬೆಳಗಿನಿಂದ ಅವರು ತಮ್ಮನಿಗೆ ನೇರವಾಗಿ ಆಡಿದ ಮಾತು ಅದೊಂದು.

ತಂಗಿಯ ಮಗಳು ಸ್ಪೀಕರಿನ ಎದುರು ನೆಲದ ಮೇಲೆ ಕೂತು ಮೊಣಕಾಲಿಗೆ ಮುಖ ಒತ್ತಿದ್ದಳು. ಬೆನ್ನು ಅಲುಗುತ್ತಿತ್ತು, ನಗುವೋ ಅಳುವೋ ಎಂದು ನಾನು ನೋಡಲು ಹೋಗಲಿಲ್ಲ. ಕಲಾವಿದೆ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಪಲ್ಲವಿ ಬಂದಾಗಲೆಲ್ಲ ಬಾಯಿ ತೆರೆದು ಜೊತೆಗೆ ಹಾಡುತ್ತಿದ್ದರು. ಬಟ್ಟೆಯೊಳಗಿನಿಂದ ಗಾಳಿ ಮಾತ್ರ ಬರುತ್ತಿತ್ತು, ಗಾಳಿಯೂ ತಾಳ ತಪ್ಪಲಿಲ್ಲ.

ಅಣ್ಣ ಹೊಸ ಕ್ಯಾಸೆಟ್ಟೊಂದನ್ನು ಬಿಚ್ಚಿ ಮೊದಲ ಮಗ್ಗುಲಿಗೆ ಹಾಡು ತುಂಬಿಸಿದರು. ಹೊಸ ಡಿಸ್ಕಿನಲ್ಲಿದ್ದ ಹಾಡನ್ನು ನಾನು ಇನ್ನೊಂದು ಕಡೆಗೂ ನಕಲಿಸಿಟ್ಟೆ. ತಮ್ಮ ತನ್ನ ಪೆಟ್ಟಿಗೆಯನ್ನು ಎತ್ತಿಕೊಳ್ಳಲಿಲ್ಲ. ಅಣ್ಣನೂ ಅದನ್ನು ಸರಿಸಲಿಲ್ಲ. ಎರಡು ಪೆಟ್ಟಿಗೆ ಮೇಜಿನ ಮೇಲೆ ಒಂದಕ್ಕೊಂದು ಒತ್ತಿಕೊಂಡು ಇದ್ದವು.

ಕ್ಯಾಸೆಟ್ ನನ್ನ ಕೈಗೆ ಬಂತು. ಯಾರೂ ಮರೆತು ಅದರ ಮೇಲೆ ಬೇರೆಯದನ್ನು ತುಂಬದಿರಲು ಅದರ ಬೆನ್ನಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಹಲ್ಲು ಮುರಿಯಬೇಕು. ಮಗ್ಗುಲಿಗೊಂದು ಹಲ್ಲು. ಸ್ಕ್ರೂಡ್ರೈವರ್ ತುದಿಯಿಂದ ಹಾಡು ಇದ್ದ ಮಗ್ಗುಲಿನ ಹಲ್ಲು ಮುರಿದೆ.

"ಇನ್ನೊಂದು ಹಂಗೇ ಬಿಡ್ರಿ ಅಕ್ಕಾರೆ," ಎಂದರು ಅಣ್ಣ. "ಹಿಂದಿನ ಮಗ್ಗುಲು ಖಾಲಿ ಯಾಕ ಇರ್ಬೇಕು? ಅಮ್ಮಾರ ಹಾಡುಗಳನ್ನೇ ಬ್ಯಾರೆ ಯಾರಾದ್ರೂ ಒಳ್ಳೆ ದನಿಯೋರ ಕಡೆ ಹಾಡಿಸಿ ತುಂಬಿಸ್ಕೊಡ್ತೀನಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ತಂಗಿಯ ಮಗಳು ದೊಡ್ಡಮ್ಮನ ಮುಖ ನೋಡಿದಳು. ನಾನೂ ನೋಡಿದೆ.

ಕಲಾವಿದೆ ಕೈ ಚಾಚಿದರು. ಕ್ಯಾಸೆಟ್ ಕೊಟ್ಟೆ, ಇನ್ನೊಂದು ಕೈಗೆ ಸ್ಕ್ರೂಡ್ರೈವರ್ ಕೊಟ್ಟೆ. ಬೆಳಕಿಗೆ ಹಿಡಿದು, ಖಾಲಿ ಮಗ್ಗುಲಿನ ಹಲ್ಲು ಯಾವುದೆಂದು ನನ್ನನ್ನು ಕಣ್ಣಲ್ಲೇ ಕೇಳಿ ಖಾತ್ರಿ ಮಾಡಿಕೊಂಡರು. ತುದಿಯನ್ನು ಅದರ ಮೇಲಿಟ್ಟು ಒತ್ತಿದರು. ಮುರಿದ ಚೂರು ಕೋಣೆಗೆಲ್ಲ ಕೇಳುವಂತೆ ಮೇಜಿನ ಮೇಲೆ ಬಿತ್ತು. ಕ್ಯಾಸೆಟ್ಟನ್ನು ತಂಗಿಯ ಮಗಳ ಮಡಿಲಿಗೆ ಹಾಕಿ ಬಾಗಿಲ ಕಡೆ ನಡೆದರು.